ಆಯಿ ಕುಟ್ಟಿ ಕಳಿಸಿದ ಜಾಲಿ ತೊಗಟೆ

ಹದಿನಾರು ಮಿಲಿಮೀಟರ್. ಗಾಜಿನ ತಟ್ಟೆಯ ಅಡಿಗೆ ಸ್ಕೇಲು ಹಿಡಿದು ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ.

ತಟ್ಟೆಯಲ್ಲಿದ್ದದ್ದು ವಸಡಿನ ರೋಗದ ಬ್ಯಾಕ್ಟೀರಿಯಾ. ನಡುವೆ ಜಾಲಿ ತೊಗಟೆಯ ಸತ್ವದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ವರ್ತುಲ ಎಷ್ಟು ಅಗಲವೋ ಮದ್ದು ಅಷ್ಟು ಚುರುಕು. ಬೇವು, ಉತ್ತರಾಣಿ, ಪೇರಲ ಎಲೆ, ಯಾವುದೂ ಎಂಟು ದಾಟಿರಲಿಲ್ಲ. ಇದೂ ಸೋತರೆ ನನ್ನ ಎಂ.ಎಸ್ಸಿ. ಪ್ರಬಂಧದ ವಿಷಯವನ್ನೇ ಬದಲಿಸಬೇಕೆಂದು ಮಾರ್ಗದರ್ಶಕಿ ಮೇಡಂ ಹೇಳಿದ್ದರು.

ಗದಗಿನ ಆ ಪ್ರಯೋಗಾಲಯದಲ್ಲಿ ನಾನು ಜೋರಾಗಿ ಕೆಮ್ಮಿದವಳೂ ಅಲ್ಲ. ಅವತ್ತು ಕುಣಿದೆ. ಸ್ಟೂಲು ಬಿತ್ತು. ಎತ್ತಿ ನಿಲ್ಲಿಸಿ, ತೊಗಟೆ ಕುಟ್ಟಿ ಕಳಿಸಿದ್ದ ಡಂಬಳದ ಆಯಿಗೆ ಫೋನ್ ಮಾಡಿದೆ. ಆಯಿ ಎಂದರೆ ನನ್ನ ತಾಯಿಯ ತಾಯಿ.

"ಆಯೀ, ನಿನ್ನ ಜಾಲಿ ಗೆದ್ದೈತಿ!"

"ಗೆಲ್ಲದ ಏನ್ ಮಾಡ್ತೈತಿ? ಲವಂಗ ಹಾಕೀನಲ್ಲ."

"ಲವಂಗ?"

"ಬರೇ ತೊಗಟಿ ಯಾರರ ಹಲ್ಲಿಗೆ ಹಚ್ಚತಾರೇನ? ಒಂದ್ ಮುಷ್ಟಿ ಲವಂಗ, ಉಪ್ಪು ಹಾಕಿ ಕುಟ್ಟೀನಿ. ಕಾಲೇಜಿನ್ಯಾಗ ನಾಕ್ ಮಂದಿ ತಿಕ್ಕೂದು, ನಮ್ಮ ಮರ್ಯಾದಿ ಉಳೀಬೇಕಿಲ್ಲೋ?"

"ಇಲ್ಲಿ ಯಾರೂ ಹಲ್ಲು ತಿಕ್ಕೂದಿಲ್ಲ, ಆಯಿ!"

"ಅಯ್ಯ ನನ ಕೂಸ! ಹಂಗಾರ ಮಂದಿ ಬಾಜೂಕ ಹೆಂಗ ಕುಂಡ್ರತೀರಿ?"

ಪುಡಿ ಬಿಚ್ಚಿದಾಗಲೇ ಲವಂಗದ ವಾಸನೆ ಬಂದಿತ್ತು. ಮಸಾಲೆ ಡಬ್ಬಿಯಲ್ಲಿ ಇಟ್ಟಿರಬೇಕೆಂದು ನಾನೇ ಊಹಿಸಿಕೊಂಡು, ಕೇಳದೆ ಮುಂದೆ ಹೋಗಿದ್ದೆ. ನೋಟ್‌ಬುಕ್ಕಿನಲ್ಲಿ 'ಜಾಲಿ' ಎಂದು ಬರೆದದ್ದಕ್ಕೆ ಒಂದೇ ಗೆರೆ ಎಳೆದು, ಓದಲು ಬರುವಂತೆ ಬಿಟ್ಟು, ಮೇಡಂ ಮುಂದೆ ಇಟ್ಟೆ. ನಡೆದದ್ದನ್ನು ಹೇಳುವಾಗ ಅಳು ಬರುತ್ತದೆಂದುಕೊಂಡಿದ್ದೆ. ಬಂದದ್ದು ನಗು, ಅದೂ ತಡೆಯಲಾಗದ್ದು.

ಮೇಡಂ ಕೂಡ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ವಿಷಯ ಬದಲಿಸೂದು ಬ್ಯಾಡ ಬಿಡು. ಜಾಲಿ ಬ್ಯಾರೆ, ಲವಂಗ ಬ್ಯಾರೆ, ಉಪ್ಪು ಬ್ಯಾರೆ ಇಟ್ಟು ನೋಡು. ಮೂರೂ ಕೂಡಿ ಏನು ಮಾಡ್ತಾವಂತನೂ ನೋಡು. ನಿಮ್ಮ ಆಯಿ ಹಲ್ಲುಪುಡೀನ ನಿನ್ನ ಪ್ರಬಂಧ. ಆದ್ರ ತೊಗಟಿ ಮಾತ್ರ ನಿನ್ನ ಕೈಯಿಂದನ ಕೆತ್ತಿ ತಗೊಂಡ್ಬಾ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಡಂಬಳಕ್ಕೆ ಹೋದೆ. ಕೆರೆಯ ದಂಡೆಯ ಜಾಲಿಯಿಂದ ತೊಗಟೆಯನ್ನು ನಾನೇ ಕೆತ್ತಿದೆ. ಕೆತ್ತಿ ಮುಗಿಯುವವರೆಗೂ ಆಯಿಯ ಎರಡೂ ಕೈಗೆ ನನ್ನ ಚೀಲ ಕೊಟ್ಟು, ಬಿಡದಂತೆ ಹಿಡಿಸಿದ್ದೆ.