ಮಂಜಿನಲ್ಲಿ ಎರಡು ಸೀಟಿ

ಕಂಡಕ್ಟರಕ್ಕನ ಎಡ ಮೊಣಕಾಲು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ. ಹಾಗೆಂದು ಅವಳೇ ಹೇಳುತ್ತಿದ್ದಳು. ಚಳಿಗಾಲದಲ್ಲಿ ಅದು ನೊಂದರೆ ಮಂಜು, ನೋಯದಿದ್ದರೆ ಬಿಸಿಲು. ಹವಾಮಾನ ಕಚೇರಿಯವರು ಮುನ್ಸೂಚನೆ ಓದುವ ಮೊದಲು ಅದರ ಅಪ್ಪಣೆ ಕೇಳಬೇಕೆಂಬುದು ಅವಳ ವಾದ.

ಅವತ್ತು ಬೆಳಿಗ್ಗೆ ಆರೂವರೆಗೆ ಡಿಪೋದ ರೇಡಿಯೊ, ಹತ್ತು ಗಂಟೆಯವರೆಗೆ ದಟ್ಟ ಮಂಜು, ಪ್ರಯಾಣ ಬೇಡ ಎಂದಿತು. ಮ್ಯಾನೇಜರು ಯಾವ ಬಸ್ಸೂ ಹೊರಡಕೂಡದು ಅಂದರು.

"ನನ್ನ ಕಾಲು ತೆಪ್ಪಗಿದೆ ಸಾರ್, ಮಂಜು ಬರಲ್ಲ. ಮೇಷ್ಟ್ರು ಎಂಟೂವರೆಗೆ ಆಸ್ಪತ್ರೇಲಿರ್ಬೇಕು."

ಮೇಷ್ಟ್ರು ಅವಳಿಗೆ ಮಗ್ಗಿ ಕಲಿಸಿದವರು. ವಾರಕ್ಕೆ ಮೂರು ಸಲ ಇದೇ ಬಸ್ಸಿನಲ್ಲಿ ಡಯಾಲಿಸಿಸ್‌ಗೆ ಹೋಗುವವರು. ಸರದಿ ತಪ್ಪಿದರೆ ಯಂತ್ರ ಮತ್ತೊಬ್ಬರಿಗೆ. ಹೋದ ತಿಂಗಳು ಹಾಗೆ ಎರಡು ದಿನ ಕಾದು ಉಸಿರಿಗೇ ತತ್ವಾರವಾಗಿತ್ತು.

ಆಕಾಶವೂ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮ್ಯಾನೇಜರು ಸೋತರು. "ಹೋಗಮ್ಮಾ, ನಿನ್ನ ಕಾಲೇ ಗತಿ."

ಕಾಲುವೆ ರಸ್ತೆಯ ನಡುವೆ ಮಂಜು ಬಂತು. ಎಂಥ ಮಂಜು! ಕಾಗೆಗಳು ಹಾರುವ ಧೈರ್ಯವಿಲ್ಲದೆ ಸಾಲಾಗಿ ನಡೆದು ಹೋದವು. ಡ್ರೈವರು ತನ್ನ ಮೀಸೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡ.

"ಅಕ್ಕಾ, ರಸ್ತೆ ಯಾವ್ದು, ಕಾಲುವೆ ಯಾವ್ದು ಗೊತ್ತಾಗ್ತಿಲ್ಲ. ನಾನಂತೂ ಗಾಡಿ ಅಲ್ಲಾಡಿಸಲ್ಲ. ನಿಮ್ಮ ಕಾಲನ್ನೇ ಕೇಳಿ!"

ಅವಳ ಮುಖ ಸಪ್ಪಗಾಯಿತು. ಮೇಷ್ಟ್ರ ಊದಿದ ಪಾದಗಳು ಚಪ್ಪಲಿಯೊಳಗೆ ಹಿಡಿಸದೆ ಹೊರಗಿದ್ದವು. "ಇರಲಿ ಬಿಡಮ್ಮಾ" ಎಂದರು ಅವರು. ಆ ಮಾತನ್ನು ಅವಳಿಗೆ ತಡೆಯಲಾಗಲಿಲ್ಲ. ಟಿಕೆಟ್ ಚೀಲವನ್ನು ಅವರ ಮಡಿಲಿಗೆ ಹಾಕಿ, ಟಾರ್ಚು ಹಿಡಿದು ಇಳಿದಳು.

"ಎರಡು ಸೀಟಿ ಊದಿದ್ರೆ ಹೊರಡು, ಒಂದೂದಿದ್ರೆ ನಿಲ್ಲು. ದಿನಾ ಒಳಗಿಂದ ಊದ್ತೀನಿ, ಇವತ್ತು ಹೊರಗಿಂದ. ಅಷ್ಟೇ."

ರಸ್ತೆಯಂಚಿನ ಬಿಳಿಗೆರೆ ತುಳಿಯುತ್ತಾ ನಡೆದಳು. ಹಿಂದೆ ಬಸ್ಸು ಹಗ್ಗ ಕಟ್ಟಿದ ಹಸುವಿನಂತೆ ಬಂತು. ಎದುರಿಗೆ ಒಂದು ಗಾಡಿಯೂ ಇಲ್ಲ; ಲೋಕವೆಲ್ಲ ರೇಡಿಯೊದ ಮಾತು ಕೇಳಿ ಹೊದ್ದು ಮಲಗಿತ್ತು. ಎರಡನೇ ಮೈಲಿಯಲ್ಲಿ ಮೊಣಕಾಲು, ಈಗ ನೆನಪಾಯಿತೇನೋ ಎಂಬಂತೆ, ನೋಯತೊಡಗಿತು. "ಈಗ್ಲಾ ಹೇಳೋದು, ಕಳ್ಳ ಕಾಲೇ!" ಎಂದು ಬೈದು, ಕುಂಟುತ್ತಲೇ ಮತ್ತೆರಡು ಸೀಟಿ ಊದಿದಳು.

ಮೂರು ಮೈಲಿಗೆ ಮಂಜು ತೆಳುವಾಯಿತು; ಅವಳು ಬಸ್ಸು ಹತ್ತಿದಳು. ಎಂಟು ಇಪ್ಪತ್ತೈದಕ್ಕೆ ಮೇಷ್ಟ್ರು ಆಸ್ಪತ್ರೆಯ ಒಳಗಿದ್ದರು.

ಮಧ್ಯಾಹ್ನ ಡಿಪೋದಲ್ಲಿ ಮ್ಯಾನೇಜರು ಕಾದೇ ಇದ್ದರು. "ಏನಮ್ಮಾ, ರೇಡಿಯೊ ಹೇಳಿದ್ದೇ ನಿಜ ಆಯ್ತಲ್ಲ. ಎಲ್ಲಿ ಹೋಯ್ತು ನಿನ್ನ ಕಾಲಿನ ಜಂಬ?"

ಕಂಡಕ್ಟರಕ್ಕ ಬೆಂಚಿನ ಮೇಲೆ ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ತಲೆಯೆತ್ತಿದಳು.

"ರೇಡಿಯೊ ಹೇಳಿದ್ದು ನಿಜ ಸಾರ್, ತಪ್ಪು ನಂದೇ. ಆದ್ರೆ ಬಸ್ಸಿನ ಮುಂದೆ ಮೂರು ಮೈಲಿ ನಡೆದದ್ದು ಯಾರು, ರೇಡಿಯೊನಾ?"