ಡೋಲ್ಮಾ ಅಂಗಡಿಯ ಬೋಣಿ

ಸಂಜೆ ಏಳು ಗಂಟೆ, ಸ್ನೇಹಿತರೇ. ದಿನವಿಡೀ ಸ್ವೆಟರ್ ಮಡಚಿ ಈಗ ಮನೆಗೆ ಬಂದೆ.

ಹೊಳೆನರಸೀಪುರದಲ್ಲಿ ಅಂಗಡಿ ಇಟ್ಟಿರುವ ಡೋಲ್ಮಾ, ಬೈಲುಕುಪ್ಪೆಯ ಟಿಬೆಟ್ ನಿರಾಶ್ರಿತರ ಕ್ಯಾಂಪಿನವಳು. ಆಸರೆ ಕಳೆದುಕೊಂಡ ಹೆಂಗಸರಿಗೇ ಕೆಲಸ ಕೊಡಬೇಕೆಂಬುದು ಅವಳ ಹಟ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನನ್ನೂ ಸೇರಿಸಿಕೊಂಡಳು.

ಬೆಳಗ್ಗೆ ನಾನು ಬೀಗ ತೆಗೆಯುವಾಗ ಪಕ್ಕದ ಪಾತ್ರೆ ಅಂಗಡಿಯ ಸಣ್ಣೇಗೌಡರು ನನ್ನ ಹಿಂದೆ ನಿಂತಿದ್ದ ಡೋಲ್ಮಾಗೆ, "ಏನವ್ವಾ, ಗಂಡ ಸತ್ತೋರ ಕೈಲಿ ಬಾಗ್ಲು ತೆಗೆಸ್ತೀಯಲ್ಲ, ಯಾಪಾರ ಆಯ್ತದಾ?" ಎಂದರು.

ನಾನು ತಲೆ ತಗ್ಗಿಸಿ ಬೀಗದ ಕೈಯನ್ನು ಅವಳತ್ತ ಚಾಚಿದೆ. ಡೋಲ್ಮಾ ತೆಗೆದುಕೊಳ್ಳಲಿಲ್ಲ.

"ಗೌಡ್ರೇ, ನಮ್ಮಜ್ಜಿ ದೇಶಾನೇ ಬಿಟ್ಟು ಓಡಿಬಂದ್ಳು. ಅವತ್ತು ಬೆಳಗ್ಗೆ ಅಲ್ಲಿ ನಮ್ಮನೆ ಬಾಗ್ಲು ತೆಗೆದಿದ್ದು ಮುತ್ತೈದೆನೇ!"

"ನಿನ್ ಬಾಯಿಗೆ ಸಿಗಬಾರ್ದು ಕಣವ್ವಾ" ಎಂದು ಗೌಡರು ನಕ್ಕರು. ಆಮೇಲೆ ಮಂಕಿಕ್ಯಾಪ್ ಕೊಂಡು ಬೋಣಿ ಮಾಡಿದವರೂ ಅವರೇ. ಚೌಕಾಸಿಯನ್ನಂತೂ ಬಿಡಲಿಲ್ಲ.

ನಾಳೆ ಡೋಲ್ಮಾ ಊರಿಗೆ ಹೋಗುತ್ತಾಳೆ. ಅಂಗಡಿ ತೆರೆಯುವವಳು ನಾನೇ.