ಶಾಸಕರು ನಡೆದು ಬಂದ ಸಂಜೆ

ಇದನ್ನು ಹೇಳಲು ಬಹಳ ತಡ ಮಾಡಿದೆ. ಶಾಸಕರು ಬದುಕಿದ್ದಾಗ ಹೇಳಿದರೆ ಅವರ ಪಕ್ಷಕ್ಕೆ ಲಾಭವಾದೀತು, ಈ ಚುನಾವಣೆ ಮುಗಿಯಲಿ ಎನ್ನುತ್ತಿದ್ದೆ. ಒಂದು ಮುಗಿಯುವುದರೊಳಗೆ ಇನ್ನೊಂದು ಬರುತ್ತಿತ್ತು. ಈಗ ಅವರು ತೀರಿಕೊಂಡಿದ್ದಾರೆ. ನನ್ನ ನೆಪಗಳೂ ತೀರಿವೆ.

ನಾನು ಅವರಿಗೆ ಎಂದೂ ಮತ ಹಾಕಿದವನಲ್ಲ. ಎದ್ದು ಬಂದು ಮತ್ತೆ ನಿಂತರೂ ಹಾಕುವುದಿಲ್ಲ. ರೋಣದಲ್ಲಿ ನುಡಿನಮನದ ಸಭೆಗೆ ನನ್ನನ್ನು ಕರೆದದ್ದೂ ಅದಕ್ಕೇ. ವಿರೋಧಿಯೇ ಹೊಗಳಿದ ಎಂದು ಜನ ಅನ್ನಬೇಕಲ್ಲ. ಸಭೆಯ ಮುಂದಾಳು ಗಜೇಂದ್ರಗಡದ ಒಬ್ಬ ಸೀರೆ ವ್ಯಾಪಾರಿ. ಮೊದಲೇ ಕಿವಿಯಲ್ಲಿ ಹೇಳಿದ: "ಯಜಮಾನ್ರ, ಸವಡಿಗೆ ಸಂಜಿ ಬಸ್ಸು ಸಾಹೇಬ್ರು ತಂದ್ರು ಅಂತ ಎರಡು ಮಾತು ಹೇಳ್ರಿ, ಸಾಕು. ಹಳೇದೆಲ್ಲಾ ಕೆದಕಬ್ಯಾಡ್ರಿ."

ನಾನು ಕೆದಕಿದೆ. ಬಸ್ಸು ತಂದದ್ದು ನನ್ನ ಅತ್ತಿಗೆ ಎಂದೆ.

ಅಣ್ಣ ತೀರಿದಾಗ ಅತ್ತಿಗೆಗೆ ಇನ್ನೂ ಸಣ್ಣ ವಯಸ್ಸು. ಆಗ ನಮ್ಮೂರು ಸವಡಿಯಿಂದ ರೋಣದ ಹೈಸ್ಕೂಲಿಗೆ ಹೋಗುವ ಹುಡುಗಿಯರು ನಾಲ್ಕಾರು ಮಂದಿ ಮಾತ್ರ. ಬೆಳಿಗ್ಗೆ ಬಸ್ಸು ಸಿಗುತ್ತಿತ್ತು. ಸಂಜೆಯದು ತುಂಬಿಕೊಂಡು ಬಂದು, ನಿಲ್ಲದೆ ಹೋಗುತ್ತಿತ್ತು. ಉಳಿದ ಮನೆಯವರು ಅದಕ್ಕೇ ಹೆಣ್ಣುಮಕ್ಕಳನ್ನು ಏಳನೆಯ ತರಗತಿಗೇ ಶಾಲೆ ಬಿಡಿಸುತ್ತಿದ್ದರು. ಅತ್ತಿಗೆ ಓಣಿಯ ತಾಯಂದಿರನ್ನು ಕಟ್ಟಿಕೊಂಡು ಹೋಗಿ ರಸ್ತೆಯಲ್ಲಿ ಶಾಸಕರ ಜೀಪು ತಡೆದಳು. ಅರ್ಜಿ ಕೊಡಿ ಎಂದರು ಅವರು.

"ಅರ್ಜಿ ಬರಿಯಾಕ ಬರೂದಿಲ್ರಿ ನಮಗ. ನೀವ ಒಂದಿನ ಜೀಪ ಬಿಟ್ಟು ಸಂಜಿ ಬಸ್ಸಿಗೆ ಬಂದ ನೋಡ್ರಿ."

"ಬರ್ತೀನಿ ಬಿಡವ್ವಾ."

"ಬರ್ತೀನಿ ಅನ್ನೂದು ನಿಮಗ ಬಾಯಿಪಾಠ ಆಗೇತ್ರಿ. ಯಾವತ್ತ ಬರ್ತೀರಿ, ಅದನ್ನ ಹೇಳ್ರಿ."

ಜೀಪಿನಲ್ಲಿದ್ದವರೇ ನಕ್ಕರಂತೆ. ಆದರೆ ಶಾಸಕರು ಮಾತು ಉಳಿಸಿಕೊಂಡರು. ಸಾದಾ ಧೋತರ ಉಟ್ಟು, ತಲೆಗೆ ಟವೆಲ್ಲು ಸುತ್ತಿ, ಒಂದು ಸಂಜೆ ಹುಡುಗಿಯರ ಜೊತೆ ರೋಣದಲ್ಲಿ ಬಸ್ಸಿಗೆ ಕಾದರು. ಬಸ್ಸು ನಿಲ್ಲಲಿಲ್ಲ. "ಹಿಂದಿನ ಬಸ್ಸಿಗೆ ಬಾರೋ ಮುದುಕಾ" ಎಂದು ಕಂಡಕ್ಟರ್ ಬಾಗಿಲಿನಿಂದ ಕೂಗಿದ. ಹಿಂದೆ ಬಸ್ಸೇ ಇರಲಿಲ್ಲ. ಎರೆಹೊಲಗಳ ನಡುವಿನ ರಸ್ತೆಯಲ್ಲಿ ಹುಡುಗಿಯರೊಂದಿಗೆ ನಡೆದೇ ಬಂದರು. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದರು. ಅತ್ತಿಗೆ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ನೋವಿಗೆ ಕಾಲು ಚಾಚಿಕೊಂಡೇ ಉಂಡರು.

ಮರುದಿನ ಊರೆಲ್ಲ ಅವರದೇ ಮಾತು. ಎದುರು ಪಕ್ಷಕ್ಕಾಗಿ ಓಡಾಡುವ ನನಗೆ ಅದನ್ನು ಸಹಿಸಲಾಗಲಿಲ್ಲ. ಚಹಾದಂಗಡಿಯಲ್ಲಿ ಕುಳಿತು, "ಬಸ್ಸಿನ ಸಲುವಾಗಿ ಬಂದಿಲ್ಲಪಾ ಅಂವಾ. ಗಂಡ ಇಲ್ಲದಾಕಿ ಕೈಯಾನ ರೊಟ್ಟಿ ಸಲುವಾಗಿ ಬಂದಾನ" ಎಂದೆ. ಎಲ್ಲರೂ ನಕ್ಕರು. ಆ ನಗೆ ನನಗೆ ಹಿತವಾಯಿತು. ಮಾತು ಮನೆಗೂ ಮುಟ್ಟಿತು, ಶಾಸಕರ ಕಿವಿಗೂ ಬಿತ್ತು.  ಅಂದಿನಿಂದ ಅತ್ತಿಗೆ ಊರ ಕೆಲಸಕ್ಕೆಂದು ಹೊಸ್ತಿಲು ದಾಟಲಿಲ್ಲ.

ಕೆಲವೇ ದಿನಗಳಲ್ಲಿ ಸವಡಿಗೆಂದೇ ಸಂಜೆಯ ಬೇರೆ ಬಸ್ಸು ಬಂತು. ಬಾಳೆಕಂಬ ಕಟ್ಟಿದರು. ಕಾಯಿ ಒಡೆಯಲು ಶಾಸಕರು ಅತ್ತಿಗೆಯನ್ನೇ ಹುಡುಕಿದರು. ಅವಳು ಬರಲಿಲ್ಲ. ಆಗ ನನ್ನನ್ನು ಪಕ್ಕಕ್ಕೆ ಕರೆದರು. "ನನಗ ಬೈದ್ರ ನಡೀತೈತಿ ತಮ್ಮಾ, ಅದೂ ಸಂಬಳದಾಗ ಸೇರೇತಿ. ಆಕೀಗೆ ಯಾರು ಸಂಬಳ ಕೊಡ್ತಾರ?"

"ತಪ್ಪಾತ್ರಿ" ಎಂದೆ.

"ನನಗ್ಯಾಕ ಹೇಳ್ತಿ? ಮನಿಗೆ ಹೋಗಿ ಹೇಳು."

ಮನೆಗೆ ಹೋದೆ. ಅತ್ತಿಗೆ ಬಡಿಸಿದಳು. ಉಂಡು ಎದ್ದೆ. ಮುಂದೆ ನನ್ನ ಮಗಳೇ ಆ ಬಸ್ಸಿನಲ್ಲಿ ಓಡಾಡಿ ಹೈಸ್ಕೂಲು ಮುಗಿಸಿದಳು.

ಇದನ್ನೆಲ್ಲ ಹೇಳುವಾಗ ವ್ಯಾಪಾರಿ ನನ್ನ ಶಾಲು ಜಗ್ಗಿದ. "ಸತ್ತವರ ಮುಂದ ಇಂಥಾದ್ದು ಮಾತಾಡ್ತಾರೇನ್ರಿ?" ನರಗುಂದದಿಂದ ಬಂದಿದ್ದ ಮುಖಂಡರು ಗಡಿಯಾರ ನೋಡಿಕೊಂಡರು. ನಾನು ಮೈಕು ಬಿಡಲಿಲ್ಲ. ಹೂವು ನೀವು ಹಾಕಿದ್ದೀರಿ, ನಾನು ಎರಚಿದ ಕೆಸರನ್ನು ನಾನೇ ಒರೆಸಬೇಕು ಎಂದೆ. ಅರ್ಜಿ ಬರೆಯಲು ಬಾರದ ಹೆಣ್ಣುಮಗಳ ಮಾತಿಗೆ ಜೀಪು ಬಿಟ್ಟು ನಡೆದ ಇನ್ನೊಬ್ಬ ಶಾಸಕನನ್ನು ನಾನು ಕಂಡಿಲ್ಲ, ನನ್ನ ಪಕ್ಷದಲ್ಲೂ ಕಂಡಿಲ್ಲ. ಸವಡಿಯ ನಿಲ್ದಾಣಕ್ಕೆ ಅವರ ಹೆಸರು ಇಡುತ್ತೀರಾದರೆ ಇಡಿ, ಅದೇ ಕಲ್ಲಿನ ಮೇಲೆ ಅವಳ ಹೆಸರೂ ಇರಲಿ ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮರುದಿನ ಸವಡಿಯ ಚಹಾದಂಗಡಿಗೆ ಹೋಗಿ ಅಲ್ಲಿಯೂ ಹೇಳಿದೆ, ನಾನಂದದ್ದು ಸುಳ್ಳು ಎಂದು. ಅಂದು ನಕ್ಕವರಲ್ಲಿ ಒಬ್ಬ ಇನ್ನೂ ಇದ್ದಾನೆ. "ಈಗ್ಯಾಕೋ ಮಾರಾಯಾ, ಅದು ಯಾರಿಗೆ ನೆನಪೈತಿ?" ಎಂದ.

"ಆಕೀಗೈತಿ" ಎಂದೆ.

ಶಾಸಕರ ಮುಂದೆ ತಪ್ಪೊಪ್ಪಿಕೊಂಡೆ, ಸಭೆಯ ಮುಂದೆ ಒಪ್ಪಿಕೊಂಡೆ, ಊರ ಮುಂದೆಯೂ ಒಪ್ಪಿಕೊಂಡೆ. ಯಾರಿಗೂ ಅಂಜಲಿಲ್ಲ. ಈಗ ಇದನ್ನು ಬರೆಯುವಾಗಲೂ ಒಳಮನೆಯಲ್ಲಿ ಜೋಳ ಹಸನು ಮಾಡುವ ಸಪ್ಪಳ ಕೇಳುತ್ತಿದೆ. ನಾನು ಇನ್ನೂ ಕ್ಷಮೆ ಕೇಳದೇ ಉಳಿದದ್ದು ಅವಳನ್ನೇ, ನನ್ನ ಅತ್ತಿಗೆಯನ್ನು.